ಮಾಳಿಗೆಗೆ ಕಟ್ಟುವ ಗೋಡೆ

ಯುವಜನರ ಪಾಠ. ಓದಿರಿ: ಧರ್ಮೋಪದೇಶಕಾಂಡ 22:8



ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ಹೊಣೆ ಮನೆಗೆ ತಗಲುತ್ತದೆ ಎನ್ನುತ್ತದೆ ಈ ವಾಕ್ಯ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವ ನಮಗೆ ಇದು ಬೇಗ ತಿಳಿಯುತ್ತದೆ. ಯಜಮಾನನಿಗೆ ಅಂಚು ಎಲ್ಲಿದೆಯೆಂದು ಗೊತ್ತು. ಗೋಡೆ ಬೇಕಾದದ್ದು ಮಕ್ಕಳಿಗೆ, ನೆಂಟರಿಗೆ.

ಸಣ್ಣ ಊರಿಗೆ ಇನ್ನಷ್ಟು ದಾರೂ ಲೈಸೆನ್ಸ್ ಬೇಕೇ? ಈ ಪ್ರಶ್ನೆಯನ್ನೂ ಹಾಗೆಯೇ ನೋಡೋಣ.

ಕುಡಿಯುವುದೇ ಪಾಪವೆಂದು ಶ್ರೀಸಭೆ ಹೇಳುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದರು. ಆದರೆ ಕಥೋಲಿಕ ಶ್ರೀಸಭೆಯ ಧರ್ಮೋಪದೇಶ ಗ್ರಂಥ ಮದ್ಯದ ಅತಿಯಾದ ಸೇವನೆ ಬೇಡವೆನ್ನುತ್ತದೆ (2290). ಕುಡಿತದ ಚಟದಿಂದ ಕುಟುಂಬಗಳನ್ನು ಕಾಪಾಡುವುದು ಆಡಳಿತದ ಕರ್ತವ್ಯವೆಂದೂ ಹೇಳುತ್ತದೆ (2211). ಕುಡಿತ ಬಿಡಲು ಹೆಣಗುವವನಿಗೆ ಪಗಾರದ ಸಂಜೆ ಒಂದು ಅಂಗಡಿ ದಾಟಿ ಮನೆ ಸೇರುವುದೇ ಕಷ್ಟ. ದಾರಿಯಲ್ಲಿ ಮೂರು ಇದ್ದರೆ?

ಮಹಾರಾಷ್ಟ್ರದಲ್ಲಿ ಲೈಸೆನ್ಸ್ ಕೊಡುವುದು ರಾಜ್ಯದ ಅಬಕಾರಿ ಇಲಾಖೆ. ಇರುವ ಅಂಗಡಿ ಮುಚ್ಚಿಸುವ ದಾರಿಯನ್ನು ಮಾತ್ರ 2008ರ ಆದೇಶ ಜನರ ಕೈಗೆ ಕೊಟ್ಟಿದೆ. ಹಳ್ಳಿಯ ಅಥವಾ ಪಟ್ಟಣದ ವಾರ್ಡಿನ ಮಹಿಳಾ ಮತದಾರರಲ್ಲಿ ಶೇ. 25 ಮಂದಿ ಸಹಿ ಮಾಡಿ ಕೇಳಿದರೆ, ಸಹಿ ಪರಿಶೀಲಿಸಿ ಗುಪ್ತ ಮತದಾನ ನಡೆಸುತ್ತಾರೆ. ಚೀಟಿಯಲ್ಲಿ ನಿಂತ ಬಾಟ್ಲಿ, ಅಡ್ಡಬಿದ್ದ ಬಾಟ್ಲಿ ಎಂದು ಎರಡು ಚಿತ್ರ. ಜನ ಇದನ್ನು 'ಆಡವಿ ಬಾಟ್ಲಿ' ಎನ್ನುವುದು ಅದಕ್ಕೇ. ಅಂಗಡಿ ಮುಚ್ಚಲು ಪಟ್ಟಿಯಲ್ಲಿರುವ ಒಟ್ಟು ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮತ ಬೇಕು. 1000 ಹೆಸರಿದ್ದು 480 ಮಂದಿ ಬಂದು, ಎಲ್ಲರೂ ಮುಚ್ಚಿರಿ ಎಂದರೂ ಅಂಗಡಿ ಉಳಿಯುತ್ತದೆ. ಅಂದು ಮನೆಯಲ್ಲೇ ಉಳಿದವಳ ಮತ ಅಂಗಡಿಗೆ ಬಿದ್ದಂತೆ.

'ಅಂಗಡಿ ಹೋದರೆ ಕಳ್ಳಭಟ್ಟಿ ಬರುತ್ತದೆ' ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಸೇರಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಅದರ ಮೇಲೆ ದೂರು ಕೊಡುವ ಧೈರ್ಯವೂ ನಮಗೆ ಬೇಕು. ಆದರೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಆರಂಭಿಸಿದ 'ಸೇಫರ್' ಕಾರ್ಯಕ್ರಮದ ಮೊದಲ ಸಲಹೆಯೇ ಮದ್ಯ ಸುಲಭವಾಗಿ ಸಿಗದಂತೆ ಮಾಡುವುದು. ಗೋಡೆ ಕಟ್ಟಿದರೂ ಕೆಲವರು ಬೀಳಬಹುದು. ಹಾಗೆಂದು ಗೋಡೆ ಕೆಡವುತ್ತೇವೆಯೇ?

ಚರ್ಚಿಸೋಣ:

1. ನಮ್ಮ ಮದುವೆ, ನಾಮಕರಣದ ಊಟದಲ್ಲಿ ಕುಡಿಯದವನನ್ನು ಗೇಲಿ ಮಾಡುತ್ತೇವೆಯೇ?
2. ನಮ್ಮ ತಾಯಿ, ಅಕ್ಕ, ಅತ್ತಿಗೆಯರ ಹೆಸರು ವಾರ್ಡಿನ ಮತದಾರರ ಪಟ್ಟಿಯಲ್ಲಿದೆಯೇ?

ಎರಡನೆಯ ಪ್ರಶ್ನೆಯ ಉತ್ತರವನ್ನು ಈ ವಾರವೇ ಪಟ್ಟಿ ನೋಡಿ ಬರೆದುಕೊಂಡು ಬನ್ನಿ.