ದಾನಿಯ ಮನಸ್ಸು, ಸಂಗ್ರಾಹಕನ ಧರ್ಮ

ಉತ್ಸವ, ಆರಾಧನೆ, ಅನ್ನಸಂತರ್ಪಣೆಗಳು ಸಮೀಪಿಸಿದೊಡನೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವುದು ಸೇವಾಸಮಿತಿಗಳ ಕಾರ್ಯಕರ್ತರಿಗೆ ಅನಿವಾರ್ಯ. ಹಣವನ್ನು ಹೇಗೆ ಕೂಡಿಸಬೇಕೆಂಬ ಚರ್ಚೆ ಸಭೆಗಳಲ್ಲಿ ಬಹಳ ನಡೆಯುತ್ತದೆ. ಕೊಡುವವರು ಏಕೆ ಕೊಡುತ್ತಾರೆಂಬ ವಿಚಾರ ಮಾತ್ರ ಅಪರೂಪ. ಇದನ್ನರಿಯಲು ನಾವು ದೂರ ಹೋಗಬೇಕಾಗಿಲ್ಲ. ಮನೆಯ ಹಿರಿಯರ ದಾನಕ್ರಮವನ್ನು ಗಮನಿಸಿದರೆ ಸಾಕು.

ಶ್ರೀಮದ್ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ದಾನವು ಮೂರು ವಿಧವಾಗಿ ನಿರೂಪಿತವಾಗಿದೆ. ಕೊಡುವುದು ಕರ್ತವ್ಯವೆಂಬ ಬುದ್ಧಿಯಿಂದ, ದೇಶ ಕಾಲ ಪಾತ್ರಗಳನ್ನರಿತು, ಪ್ರತ್ಯುಪಕಾರ ಮಾಡದವರಿಗೆ ಕೊಟ್ಟದ್ದು ಸಾತ್ವಿಕ. ಪ್ರತಿಫಲವನ್ನು ಬಯಸಿ, ಅಥವಾ ಮನಸ್ಸಿನಲ್ಲಿ ಕ್ಲೇಶಪಡುತ್ತ ಕೊಟ್ಟದ್ದು ರಾಜಸ. ಅನಾದರದಿಂದ ಅಪಾತ್ರರಿಗೆ ಕೊಟ್ಟದ್ದು ತಾಮಸ. ಇಲ್ಲಿ ಸಂಗ್ರಾಹಕರು ಮನನ ಮಾಡಬೇಕಾದ ಅಂಶವೊಂದಿದೆ. ಒತ್ತಾಯದಿಂದ ಕ್ಲೇಶಪಡಿಸಿ ಪಡೆದಲ್ಲಿ ಸಾತ್ವಿಕವಾಗಬೇಕಿದ್ದ ದಾನವನ್ನು ನಾವೇ ರಾಜಸಕ್ಕೆ ಇಳಿಸಿದಂತಾಗುತ್ತದೆ.

ಗಂಗಾವತಿಯಲ್ಲಿದ್ದ ನಮ್ಮ ಸೋದರತ್ತೆಯವರ ಪದ್ಧತಿಯನ್ನು ಉದಾಹರಣೆಗೆ ಹೇಳಬಹುದು. ಅವರ ಆದಾಯ ಅಲ್ಪ. ದಾನ ಮಾತ್ರ ತಪ್ಪುತ್ತಿರಲಿಲ್ಲ. ಅದಕ್ಕೆ ಪಂಚಾಂಗವೇ ಆಧಾರ. ವೈಶಾಖದಲ್ಲಿ ನೀರಿನ ಕೊಡ, ಬೀಸಣಿಕೆ. ಕಾರ್ತಿಕದಲ್ಲಿ ದೀಪಕ್ಕೆ ಎಣ್ಣೆ. ಅಧಿಕಮಾಸದಲ್ಲಿ 33 ಅಪೂಪ. ಆನೆಗೊಂದಿಯ ನವವೃಂದಾವನದಲ್ಲಿ ಕಾರ್ತಿಕ ಬಹುಳ ಚತುರ್ದಶಿಯಂದು ನಡೆಯುವ ಶ್ರೀ ಪದ್ಮನಾಭತೀರ್ಥರ ಆರಾಧನೆಗೂ, ಫಾಲ್ಗುಣ ಬಹುಳ ಚತುರ್ಥಿಯಂದು ನಡೆಯುವ ಶ್ರೀ ವ್ಯಾಸರಾಜರ ಆರಾಧನೆಗೂ ಕಾಣಿಕೆಯು ಮೊದಲೇ ಬಟ್ಟೆಯ ಗಂಟಿನಲ್ಲಿ ಮೀಸಲಾಗಿರುತ್ತಿತ್ತು. ಖರ್ಚು ಮಾಡಿ ಉಳಿದದ್ದನ್ನು ಕೊಡುವುದಲ್ಲ, ಕೊಟ್ಟು ಉಳಿದದ್ದನ್ನು ಖರ್ಚು ಮಾಡುವುದು ಅವರ ಕ್ರಮ.

ನಿತ್ಯವೂ ಅಡಿಗೆಗೆ ಅಕ್ಕಿ ಅಳೆಯುವ ಮೊದಲು ಒಂದು ಹಿಡಿಯನ್ನು ಅವರು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಒಂದು ಹಿಡಿಯನ್ನು 50 ಗ್ರಾಂ ಎಂದೆಣಿಸಿದರೂ ವರ್ಷಕ್ಕೆ 18 ಕಿಲೋ ಮೀರುತ್ತದೆ. ನೂರು ಮನೆಗಳು ಹೀಗೆ ನಡೆದರೆ 18 ಕ್ವಿಂಟಲ್. ದೊಡ್ಡ ದಾನಿಯೊಬ್ಬರನ್ನು ಅರಸುವುದರಲ್ಲಿಯೇ ದಿನ ಕಳೆಯುವವರು ಈ ಲೆಕ್ಕವನ್ನು ಮರೆಯಬಾರದು. ವಾರಾನ್ನದ ಪದ್ಧತಿಯೂ ಇದೇ ತತ್ತ್ವದ ಮೇಲೆ ನಿಂತಿತ್ತು. ಏಳು ಮನೆಗಳು ವಾರಕ್ಕೊಂದೊಂದು ದಿನ ಊಟವಿಕ್ಕಿದ್ದರಿಂದ ಎಷ್ಟೋ ಬಡ ವಿದ್ಯಾರ್ಥಿಗಳ ಓದು ಸಾಗಿತು. ಯಾವ ಮನೆಗೂ ಅದು ಭಾರವಾಗಲಿಲ್ಲ.

ಒಮ್ಮೆ ಸಮಿತಿಯೊಂದು ಅನ್ನದಾನಕ್ಕೆಂದು ಅವರಿಂದ ಪಡೆದ ಹಣವನ್ನು ಕಟ್ಟಡಕ್ಕೆ ವಿನಿಯೋಗಿಸಿತು. “ಕಟ್ಟಡಕ್ಕಂತ ಕೇಳಿದ್ರ ಅದಕ್ಕೂ ಕೊಡ್ತಿದ್ದೆ. ಅನ್ನಕ್ಕಂತ ಸಂಕಲ್ಪ ಮಾಡಿ ಕೊಟ್ಟದ್ದು ಅನ್ನಕ್ಕ ಹೋಗಬೇಕಿತ್ತು” ಎಂದಷ್ಟೇ ನುಡಿದರು. ಮುಂದೆ ಅವರು ದಾನವನ್ನು ನಿಲ್ಲಿಸಲಿಲ್ಲ. ಆ ಸಮಿತಿಗೆ ಕೊಡುವುದನ್ನು ನಿಲ್ಲಿಸಿದರು. ಅವರು ಜಗಳವಾಡದ ಕಾರಣ ಆ ಸಮಿತಿಗೆ ತಾನು ಕಳೆದುಕೊಂಡದ್ದೇನೆಂಬುದು ತಿಳಿಯಲೂ ಇಲ್ಲ. ನಂಬಿಕೆ ಹೋಗುವುದು ಹೀಗೆಯೇ, ಸದ್ದಿಲ್ಲದೆ.

ನಂಬಿಕೆ ಇದ್ದಲ್ಲಿ ಏನಾಗುತ್ತದೆಂಬುದನ್ನೂ ನಮ್ಮ ಸೀಮೆ ಕಂಡಿದೆ. 2019ರ ಜುಲೈ ತಿಂಗಳಲ್ಲಿ ನಿಧಿಗಳ್ಳರು ಶ್ರೀ ವ್ಯಾಸರಾಜರ ವೃಂದಾವನವನ್ನು ಭಗ್ನಗೊಳಿಸಿದಾಗ, ಮಠಭೇದವನ್ನೆಣಿಸದೆ ಯತಿಗಳೂ ಭಕ್ತರೂ ಹೊಳೆ ದಾಟಿ ಬಂದು ಕೂಡಿದರು. ಕೆಲವೇ ದಿನಗಳಲ್ಲಿ ವೃಂದಾವನವು ಮತ್ತೆ ನಿಂತಿತು. ಅಗತ್ಯವು ಕಣ್ಣಿಗೆ ಕಾಣುವಂತಿತ್ತು, ಕೊಟ್ಟ ಶ್ರಮವು ಎಲ್ಲಿಗೆ ಸಲ್ಲುತ್ತದೆಂಬುದರಲ್ಲಿ ಸಂದೇಹವಿರಲಿಲ್ಲ.

ಇವುಗಳಿಂದ ಸಂಗ್ರಾಹಕರು ಕಲಿಯಬೇಕಾದದ್ದಿಷ್ಟು. ಮೊದಲನೆಯದಾಗಿ, ಕೊಡುವವರ ಕಾಲವನ್ನರಿತು ಕೇಳಬೇಕು. ತಿಂಗಳಿಗೆ ಮೂರು ಬಾರಿ ಬಾಗಿಲು ತಟ್ಟಬಾರದು. ಎರಡನೆಯದಾಗಿ, ಹತ್ತು ರೂಪಾಯಿಗೂ ಹತ್ತು ಸಾವಿರಕ್ಕೂ ಒಂದೇ ಆದರದಿಂದ ರಸೀದಿ ಕೊಡಬೇಕು. ಮೂರನೆಯದಾಗಿ, ಯಾವ ಸಂಕಲ್ಪಕ್ಕೆ ಪಡೆದೆವೋ ಅದಕ್ಕೇ ಸಲ್ಲಿಸಬೇಕು. ಬದಲಿಸಬೇಕಾದರೆ ಕೊಟ್ಟವರ ಅನುಮತಿ ಪಡೆಯಬೇಕು. ನಾಲ್ಕನೆಯದಾಗಿ, ಹಿಂದಿನ ಲೆಕ್ಕ ಒಪ್ಪಿಸಿದ ಮೇಲೆಯೇ ಮುಂದಿನದನ್ನು ಕೇಳಬೇಕು. ಕೊನೆಯದಾಗಿ, ಇಲ್ಲವೆಂದವರ ಮನೆಯಿಂದಲೂ ಪ್ರಸನ್ನರಾಗಿಯೇ ಹಿಂತಿರುಗಬೇಕು.

ಹರಿದಾಸರು ಭಿಕ್ಷಾಟನೆಯನ್ನು ಮಧುಕರವೃತ್ತಿಯೆಂದು ಕರೆದರು. ದುಂಬಿಯು ಹೂವಿನಿಂದ ಹೂವಿಗೆ ಹೋಗಿ ಸ್ವಲ್ಪ ಸ್ವಲ್ಪವೇ ಮಧುವನ್ನು ತೆಗೆದುಕೊಳ್ಳುತ್ತದೆ, ಹೂವಿಗೆ ನೋವಾಗುವುದಿಲ್ಲ. ಸಂಗ್ರಹಕ್ಕೆ ಹೊರಡುವ ನಮ್ಮ ಕಾರ್ಯಕರ್ತರು ಈ ಹೆಸರಿನ ಅರ್ಥವನ್ನು ನೆನೆದು ಹೊರಡಲಿ.

ಶ್ರೀಕೃಷ್ಣಾರ್ಪಣಮಸ್ತು.