ಮುಂಬಯಿ ಮನೆಗಳಲ್ಲಿ ಕೂಸಿನ ಕನ್ನಡ ವ್ಯಾಕರಣ

ಎರಡೂವರೆ ವರ್ಷದ ಮಗು ‘ಅಪ್ಪ ಬಿಸ್ಕೀಟು ಕೊಡಿದ’ ಎಂದರೆ ಹಿರಿಯರು ನಗುತ್ತಾರೆ. ಡೊಂಬಿವಲಿ, ಘಾಟ್‌ಕೋಪರ್, ಮಾಟುಂಗಾಗಳ ಕನ್ನಡ ಮನೆಗಳಲ್ಲಿ ಈ ನಗೆಯ ಬೆನ್ನಿಗೇ ಆತಂಕವೂ ಬರುತ್ತದೆ: ಮರಾಠಿ, ಹಿಂದಿಗಳ ನಡುವೆ ಮಗುವಿನ ಕನ್ನಡ ಕೆಡುತ್ತಿದೆಯೇ? ಕೆಲವೆಡೆ ಅದು ಮನೆಯಲ್ಲಿಯೂ ಇಂಗ್ಲಿಷೇ ಸಾಕೆಂಬ ನಿರ್ಧಾರಕ್ಕೆ ಮುಟ್ಟುವುದುಂಟು. ಅದಕ್ಕೆ ಮೊದಲು ಆ ‘ತಪ್ಪು’ ಎಂತಹದೆಂದು ವಿಚಾರಿಸುವುದು ಅಗತ್ಯ.

‘ಕೊಡಿದ’ ಎಂಬ ರೂಪವನ್ನು ಮನೆಯ ಹಿರಿಯರಾರೂ ಆಡುವುದಿಲ್ಲ. ಮರಾಠಿಯಿಂದ ಅದು ಬರಲಾರದು. ಮಾಡು–ಮಾಡಿದ, ಓಡು–ಓಡಿದ, ಹಾಡು–ಹಾಡಿದ ಎಂಬ ರೂಪಗಳಿಂದ ಮಗು ಭೂತಕಾಲದ ಸೂತ್ರವೊಂದನ್ನು ತಾನೇ ಕಂಡುಕೊಂಡು, ಕೊಡು, ಇಡು, ಬಿಡುಗಳಿಗೂ ಅನ್ವಯಿಸಿದೆ. (ಕೇಶಿರಾಜನು ಕಂದಗಳಲ್ಲಿ ಬಿಗಿದ ಕೆಲಸವನ್ನು ಇದು ತೊದಲುಮಾತಿನಲ್ಲೇ ಆರಂಭಿಸಿದೆ ಎನ್ನಬಹುದೇನೋ!) ಇದೇ ಮಗು ಹಿಂದೆ ‘ಕೊಟ್ಟ’ ಎಂದು ಸರಿಯಾಗಿಯೇ ಹೇಳಿದ್ದಿರಬಹುದು. ಅದು ಕಂಠಪಾಠ, ಈಗಿನದು ವ್ಯಾಕರಣ. ಸ್ಪ್ಯಾನಿಶ್ ಮನೆಮಾತಿನ ಮಕ್ಕಳೂ ‘ಒಡೆದುಹೋದ’ ಎಂಬರ್ಥದ ‘ರೋತೊ’ ಬದಲು ನಿಯಮಕ್ಕೆ ಒಗ್ಗುವ ‘ರೊಂಪಿದೊ’ ಎನ್ನುತ್ತಾರೆ.

ಮಗು ಕೇಳಿದ್ದನ್ನಷ್ಟೇ ಒಪ್ಪಿಸುವುದಿಲ್ಲವೆಂಬುದಕ್ಕೆ ಕನ್ನಡದ್ದೇ ಆದ ಪುರಾವೆಯಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೀಟ್‌ಮನ್ ಮತ್ತು ಲೀಲಾ ಗ್ಲೀಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷದ ಕನ್ನಡ ಮಕ್ಕಳು ಕೇಳಿದ ವಾಕ್ಯವನ್ನು ಆಟಿಕೆಗಳಿಂದ ಅಭಿನಯಿಸಬೇಕಿತ್ತು. ಪ್ರೇರಣಾರ್ಥವನ್ನು ‘-ಇಸು’ ಪ್ರತ್ಯಯವು ಸ್ಪಷ್ಟವಾಗಿ ಸೂಚಿಸುತ್ತದಾದರೂ, ಮಕ್ಕಳು ಆಧರಿಸಿದ್ದು ವಾಕ್ಯದಲ್ಲಿನ ನಾಮಪದಗಳ ಸಂಖ್ಯೆಯನ್ನು. ಎರಡು ನಾಮಪದಗಳಿದ್ದರೆ, ಪ್ರತ್ಯಯವಿಲ್ಲದಿದ್ದರೂ, ಒಂದು ಇನ್ನೊಂದರಿಂದ ಕ್ರಿಯೆ ಮಾಡಿಸಿದಂತೆ ತೋರಿಸಿದರು.

‘ಬಸ್ಸು ಬಂದಳು’ ಎಂಬಂತಹ ಮಾತು ಬೇರೊಂದು ಬಗೆಯದು. ಕನ್ನಡದ ಲಿಂಗವಿವಕ್ಷೆ ಅರ್ಥವನ್ನು ಅನುಸರಿಸುತ್ತದೆ. ಮರಾಠಿಯಲ್ಲಿ ಅಚೇತನ ವಸ್ತುಗಳಿಗೂ ಮೂರು ಲಿಂಗಗಳು ಹಂಚಿಹೋಗಿವೆ. ಅಲ್ಲಿ ‘ಬಸ್’ ಸ್ತ್ರೀಲಿಂಗ. ಆದರೂ ಇಲ್ಲಿ ಆತುರದ ತೀರ್ಮಾನ ಸಲ್ಲದು: ಧಾರವಾಡದ ಮಗುವೂ ಆಟದಲ್ಲಿ ತನ್ನ ಬಸ್ಸಿಗೆ ಜೀವ ತುಂಬಿ ‘ಬಂದಳು’ ಎಂದೀತು. ಜೀವ ತುಂಬಿ ಆಡಲಾಗದ ವಸ್ತುಗಳ ಕುರಿತ ಮಾತನ್ನು ಹಲವು ದಿನ ಕೇಳಿ ನೋಡಬೇಕು. ಮರಾಠಿಯಲ್ಲಿ ಮಳೆ, ಅಂದರೆ ‘ಪಾಊಸ್’, ಪುಲ್ಲಿಂಗ. ಬಸ್ಸು ‘ಬಂದಳು’ ಎನ್ನುವ ಮಗುವೇ ಕಿಟಕಿಯಾಚೆ ನೋಡಿ ‘ಮಳೆ ಬಂದ’ ಎಂದರೆ ಮರಾಠಿಯ ಪ್ರಭಾವವನ್ನು ಶಂಕಿಸಬಹುದು. ‘ಮಳೆ ಬಂತು’ ಎಂದರೆ ಬಸ್ಸು ಬರಿಯ ಆಟದ ಗೆಳತಿ.