ಉಚಿತ ಅಂದ ಮಾತ್ರಕ್ಕೆ ಯಾರೂ ಬರುವುದಿಲ್ಲ

ಅಹಮದಾಬಾದಿನ ಈಶಾನ್ಯ ಅಂಚಿನ ನರೋಡಾದಲ್ಲಿ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯ ಇದೆ. ಅಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಉಚಿತ ಕಾರ್ಯಕ್ರಮ ನಡೆಸುವ ಕೆಲಸಕ್ಕೆ ನಾನೂ ಕೈಹಾಕಿದ್ದೇನೆ. ನಾನು ಧಾರವಾಡದ ಕಡೆಯವಳು. ಗ್ರಂಥಾಲಯ ವಿಜ್ಞಾನ ಓದಿದವಳು, ಗಂಡನ ನೌಕರಿಯ ಬೆನ್ನು ಹತ್ತಿ ಇಲ್ಲಿಗೆ ಬಂದವಳು. ಊರಿನ ಗೆಳತಿಯರು ಫೋನ್ ಮಾಡಿ, ತಮ್ಮ ಪಂಚಾಯಿತಿ ಗ್ರಂಥಾಲಯದಲ್ಲೂ ಇಂಥದ್ದು ಮಾಡಬೇಕು, ಹೇಗೆ ಅಂತ ಕೇಳುತ್ತಾರೆ. ಹೇಗೆ ಮಾಡಬಾರದು ಅನ್ನುವುದನ್ನಾದರೆ ಧಾರಾಳವಾಗಿ ಹೇಳಬಲ್ಲೆ.

1. ನಿಮ್ಮ ಬಿಡುವು ಊರಿನ ಬಿಡುವಲ್ಲ.

ನನ್ನ ಮೊದಲ ಕಾರ್ಯಕ್ರಮ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಡುಗೆ ಮುಗಿದು ನನಗೆ ಪುರುಸೊತ್ತಾಗುವ ಹೊತ್ತು ಅದು. ಬಂದವರು ದಿನಾ ಪೇಪರ್ ಓದಲು ಬರುವ ಮೂವರು ಹಿರಿಯರು. ಅವರೂ ಪೇಪರಿನಿಂದ ತಲೆ ಎತ್ತಲಿಲ್ಲ. 1931ರಲ್ಲಿ ಶುರುವಾದ ಅರವಿಂದ್ ಬಟ್ಟೆ ಮಿಲ್ ಇರುವುದು ನರೋಡಾ ರಸ್ತೆಯಲ್ಲೇ. ಊರಿನ ಪಕ್ಕದಲ್ಲೇ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ (ಜಿಐಡಿಸಿ) ದೊಡ್ಡ ವಸಾಹತು. ಗಂಡಸರು ಪಾಳಿಯಲ್ಲಿ, ಹೆಂಗಸರು ಮನೆಯಲ್ಲೇ ಪೀಸ್ ಲೆಕ್ಕದ ಹೊಲಿಗೆಯಲ್ಲಿ, ಮಕ್ಕಳು ಶಾಲೆಯಲ್ಲಿ ಇರುವ ಹೊತ್ತಿಗೆ ನಾನು ಚಾಪೆ ಹಾಸಿ ಕೂತಿದ್ದೆ. ಓದುಗರ ಸಮಯ ಉಳಿಸಬೇಕು ಅನ್ನುವುದು ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಪರೀಕ್ಷೆಗೆ ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆಮೇಲೆ ಮನೆ ಮನೆಗೆ ಹೋಗಿ, ‘ನಿಮಗೆ ಯಾವಾಗ ಆಗುತ್ತೆ?’ ಅಂತ ಕೇಳಿದೆ. ಕಾರ್ಯಕ್ರಮ ಸಂಜೆ ಏಳಕ್ಕೆ ಸರಿಯಿತು.

2. ಫಾರಂ ಕಡೆಗೆ ಕೊಡಿ.

ಶಿಸ್ತು ಇರಲಿ ಅಂತ ನಾನೇ ಒಂದು ನೋಂದಣಿ ಫಾರಂ ಮಾಡಿದೆ. ಎರಡು ಫೋಟೋ, ಆಧಾರ್ ಜೆರಾಕ್ಸ್, ವಿಳಾಸದ ಪುರಾವೆ. ಉತ್ತರ ಪ್ರದೇಶ, ಬಿಹಾರದಿಂದ ಬಂದು ಬಾಡಿಗೆ ಖೋಲಿಯಲ್ಲಿರುವವರು ವಿಳಾಸದ ಪುರಾವೆ ಎಲ್ಲಿಂದ ತರಬೇಕು? ಫಾರಂ ಒಯ್ದವರು ಮತ್ತೆ ಈ ಕಡೆ ಸುಳಿಯಲಿಲ್ಲ. ಇದೇ ಗುಜರಾತಿನ ಬರೋಡಾ ಸಂಸ್ಥಾನದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ, ಪುಸ್ತಕದ ಪೆಟ್ಟಿಗೆಗಳನ್ನು ಹಳ್ಳಿಹಳ್ಳಿಗೆ ಕಳಿಸುವ ಸಂಚಾರಿ ಗ್ರಂಥಾಲಯ ಶುರುಮಾಡಿದ್ದರು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ಪಂಚಾಯಿತಿ ಗ್ರಂಥಾಲಯಗಳು ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಕೊಟ್ಟವು. ಎರಡೂ ಕಡೆ ಮಾಡಿದ್ದು ಬಾಗಿಲ ಮುಂದಿನ ಕಲ್ಲನ್ನು ಎತ್ತಿಡುವ ಕೆಲಸ. ನಾನು ಮಾಡಿದ್ದು ಕಲ್ಲು ತಂದು ಇಡುವ ಕೆಲಸ. ಈಗ ಮೊದಲ ದಿನ ಹೆಸರು ಮಾತ್ರ ಬರೆದುಕೊಳ್ಳುತ್ತೇವೆ. ಉಳಿದದ್ದು ಅವರು ಪುಸ್ತಕ ಮನೆಗೆ ಒಯ್ಯುತ್ತೇನೆ ಅಂದಾಗ.

3. ಅಕ್ಕ ಬಂದರೆ ತಮ್ಮನೂ ಬರುತ್ತಾನೆ.

ವಯಸ್ಸಿಗೆ ತಕ್ಕ ಗುಂಪು ಮಾಡಬೇಕು ಅಂತ ಓದಿದ್ದೆ. ಹಾಗಾಗಿ ನಾಲ್ಕರಿಂದ ಆರು ವರ್ಷದವರಿಗೆ ಒಂದು ದಿನ, ಏಳರಿಂದ ಹತ್ತರವರಿಗೆ ಇನ್ನೊಂದು ದಿನ. ಒಂಬತ್ತರ ಹುಡುಗಿಯೊಬ್ಬಳು ಮೂರರ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ‘ಅವನನ್ನು ಮನೆಗೆ ಬಿಟ್ಟು ಬಾ’ ಅಂದೆ. ಹೋದಳು, ಬರಲಿಲ್ಲ. ಮನೆಯಲ್ಲಿ ಅವನನ್ನು ನೋಡಿಕೊಳ್ಳುವವಳು ಅವಳೇ ಅನ್ನುವುದು ನನಗೆ ಆಮೇಲೆ ತಿಳಿಯಿತು. ಈಗ ಒಂದೇ ಕೋಣೆಯಲ್ಲಿ ಎರಡು ಮೂಲೆ. ಸಣ್ಣವರ ಮೂಲೆಯಲ್ಲಿ ಹರಿದರೂ ಬೇಸರವಿಲ್ಲದ ಚಿತ್ರದ ಪುಸ್ತಕ, ಮರದ ತುಂಡು. ದೊಡ್ಡವರ ಮೂಲೆಯಲ್ಲಿ ಕಥೆ, ಒಗಟು. ಗದ್ದಲ ಆಗುತ್ತದೆ, ಆದರೆ ಯಾರೂ ವಾಪಸ್ ಹೋಗುವುದಿಲ್ಲ.

4. ಕಥೆ ಹೇಳುವವರು ನೀವೇ ಆಗಬೇಕಿಲ್ಲ.

ನನ್ನ ಗುಜರಾತಿ ತರಕಾರಿ ಅಂಗಡಿಯವರೆಗೆ ಸಾಲುತ್ತದೆ, ರಾಕ್ಷಸನವರೆಗೆ ಸಾಲುವುದಿಲ್ಲ. ಆದರೂ ಕಥೆ ನಾನೇ ಹೇಳಬೇಕು ಅನ್ನುವ ಹಟ. ರಾಕ್ಷಸ ಬಂದಲ್ಲೆಲ್ಲ ಮಕ್ಕಳು ನಕ್ಕರು, ರಾಜಕುಮಾರಿ ಅತ್ತಲ್ಲಿ ಇನ್ನೂ ಜೋರಾಗಿ ನಕ್ಕರು. ಬಾಗಿಲ ಬಳಿ ಮೊಮ್ಮಗನಿಗೆ ಕಾಯುತ್ತ ನಿಂತಿದ್ದ ಅಜ್ಜಿಯೊಬ್ಬರಿಗೆ ತಡೆಯಲಾಗಲಿಲ್ಲ. ‘ಬೆನ್ (ತಂಗಿ), ಸ್ವಲ್ಪ ಸರಿ’ ಅಂದು ಒಳಗೆ ಬಂದು ಕೂತವರು ಕಥೆಯನ್ನು ಮೊದಲಿನಿಂದ ಹೇಳಿದರು. ಭಾವನಗರದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ಕಟ್ಟಿದವರು. ಮಕ್ಕಳಿಗೆ ಕಥೆ ಹೇಳುವುದನ್ನೇ ಶಿಕ್ಷಣದ ನಡುಮನೆಗೆ ತಂದವರು. ಜನ ಅವರನ್ನು ಪ್ರೀತಿಯಿಂದ ಮೀಸೆಯ ತಾಯಿ ಅಂತ ಕರೆದರು. ಅಂಥವರ ನಾಡಿನಲ್ಲಿ ಕಥೆ ಹೇಳುವವರಿಗೇನು ಬರವೇ? ಈಗ ಸಿಂಧಿ ಅಜ್ಜ, ಮರಾಠಿ ಚಿಕ್ಕಮ್ಮ, ಭೋಜಪುರಿ ಮಾತಾಡುವ ಫಿಟ್ಟರ್, ಎಲ್ಲರೂ ಸರದಿಯಲ್ಲಿ ಹೇಳುತ್ತಾರೆ. ನಾನು ಚಾಪೆ ಹಾಸುತ್ತೇನೆ.

5. ‘ಓದು ಕಲಿಸುತ್ತೇವೆ’ ಅಂತ ಬೋರ್ಡು ಹಾಕಬೇಡಿ.

ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಅಂತ ದೊಡ್ಡದಾಗಿ ಬರೆಸಿದೆ. ಒಬ್ಬರೂ ಬರಲಿಲ್ಲ. ಆ ಬೋರ್ಡಿನ ಕೆಳಗೆ ನಡೆದು ಒಳಗೆ ಬರುವುದೆಂದರೆ ತನಗೆ ಓದು ಬರುವುದಿಲ್ಲ ಅಂತ ಬೀದಿಗೆಲ್ಲ ಸಾರಿದ ಹಾಗೆ. ಅದು ನನಗೆ ಹೊಳೆಯಲಿಲ್ಲ. ಚಹಾ ಕೊಡುವ ಹುಡುಗ ಹೇಳಿದ. ಬೋರ್ಡು ಬದಲಾಯಿಸಿ ‘ಬ್ಯಾಂಕ್ ಚೀಟಿ, ಕರೆಂಟ್ ಬಿಲ್, ರೇಷನ್ ಕಾರ್ಡ್ ಅರ್ಜಿಗೆ ಸಹಾಯ’ ಅಂತ ಬರೆದೆವು. ಜನ ಬಂದರು. ಬಿಲ್ಲಿನಲ್ಲಿ ಎಷ್ಟು ಯೂನಿಟ್ ಅಂತ ಕೇಳಿದವರಿಗೆ ಅಂಕಿ ತೋರಿಸಿದೆವು, ಆಮೇಲೆ ಹೆಸರು ತೋರಿಸಿದೆವು. ಕೆಲವರು ಸಹಿ ಮಾಡುವಷ್ಟಕ್ಕೆ ನಿಲ್ಲಿಸಿದರು, ಕೆಲವರು ಮುಂದೆ ಹೋದರು. ಎಲ್ಲಿ ನಿಲ್ಲಬೇಕು ಅನ್ನುವುದು ಅವರ ಹಕ್ಕು ಅಂತ ಒಪ್ಪಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.

6. ಪರೀಕ್ಷೆಗೆ ಓದುವವರನ್ನು ಎದುರು ಹಾಕಿಕೊಳ್ಳಬೇಡಿ.

ತಲಾಟಿ (ಗ್ರಾಮ ಲೆಕ್ಕಿಗ), ಪೊಲೀಸ್ ಭರ್ತಿ ಅಂತ ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರೇ ನಮ್ಮ ಕಾಯಂ ಓದುಗರು. ಮನೆಯಲ್ಲಿ ಕಾಲು ಚಾಚಲೂ ಜಾಗ ಇಲ್ಲದವರು. ಕಥೆಯ ಗಲಾಟೆಗೆ ಅವರು ತಕರಾರು ತೆಗೆದಾಗ ನಾನು ಮಕ್ಕಳ ಪರ ನಿಂತು ದೊಡ್ಡ ಭಾಷಣ ಬಿಗಿದೆ. ಅವರು ಮರುಮಾತಾಡದೆ ಪುಸ್ತಕ ಮಡಚಿ ಎದ್ದು ಹೋದರು. ಗೆದ್ದೆ ಅಂದುಕೊಂಡೆ, ಓದುವ ಕೋಣೆ ಖಾಲಿಯಾಗಿತ್ತು. ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದ ಮೇಲೆ ಒಂದು ಒಪ್ಪಂದವಾಯಿತು: ಗದ್ದಲದ ಗಂಟೆ ಯಾವುದು ಅಂತ ವಾರದ ಮೊದಲೇ ಹಲಗೆಯ ಮೇಲೆ ಬರೆಯಬೇಕು, ಆ ಗಂಟೆ ಮೀರಬಾರದು. ಅವರಲ್ಲಿ ಒಂದಿಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಉಳಿದವರು ಓದಿಕೊಳ್ಳುತ್ತಾರೆ, ಅವರು ಬರುವುದೂ ಅದಕ್ಕೇ.

7. ಹಬ್ಬದ ಜೊತೆ ಪೈಪೋಟಿ ಬೇಡ, ಬಿಸಿಲನ್ನು ಮಾತ್ರ ಬಿಡಬೇಡಿ.

ನವರಾತ್ರಿಯ ಸಂಜೆ ಕವಿಗೋಷ್ಠಿ ಇಟ್ಟವಳು ನಾನು. ಊರೆಲ್ಲ ಗರಬಾದಲ್ಲಿತ್ತು. ಉತ್ತರಾಯಣಕ್ಕೆ ಜನವರಿ 14ರಂದು ಗಾಳಿಪಟದ ಬಗ್ಗೆ ಉಪನ್ಯಾಸ ಇಟ್ಟೆ. ಕೇಳಬೇಕಾದವರು ಗಾಳಿಪಟ ಹಿಡಿದು ಮಾಳಿಗೆ ಮೇಲಿದ್ದರು. ಆದರೆ ಮೇ ತಿಂಗಳು ನಮ್ಮದು. 2010ರ ಮೇನಲ್ಲಿ ಅಹಮದಾಬಾದಿನ ತಾಪ 46.8 ಡಿಗ್ರಿ ಮುಟ್ಟಿ ಬಹಳ ಜನ ಸತ್ತರು. ಅದರಿಂದಲೇ 2013ರಲ್ಲಿ ನಗರ ಬಿಸಿಗಾಳಿಗೆಂದೇ ಒಂದು ಕಾರ್ಯಯೋಜನೆ ಮಾಡಿತು. ತಗಡಿನ ಮನೆಯವರಿಗೆ ಮಧ್ಯಾಹ್ನ ಫ್ಯಾನು, ಮಡಕೆಯ ನೀರು, ಕೂರಲು ನೆರಳು ಸಿಕ್ಕರೆ ಬೇರೆ ಕಾರ್ಯಕ್ರಮವೇ ಬೇಡ. ಪುಸ್ತಕ ಮೇಜಿನ ಮೇಲೆ ಹರಡಿರಲಿ, ಸಾಕು.

8. ತಲೆ ಎಣಿಸುವುದಾದರೆ ಎರಡನೇ ಸಲ ಎಣಿಸಿ.

ಚಿತ್ರಕಲಾ ಸ್ಪರ್ಧೆ, ಬಹುಮಾನ, ಪ್ರಮಾಣಪತ್ರ ಅಂದ ಕೂಡಲೇ ಕೋಣೆ ತುಂಬಿತು. ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ. ಮುಂದಿನ ವಾರ ಆ ಫೋಟೋದಲ್ಲಿದ್ದವರಲ್ಲಿ ಬಂದವರು ಬೆರಳೆಣಿಕೆಯಷ್ಟು. ಸೋತ ಮಕ್ಕಳಂತೂ ಒಬ್ಬರೂ ಇಲ್ಲ. ಈಗ ನಮ್ಮಲ್ಲಿ ಬಹುಮಾನ ಇಲ್ಲ. ಮರಳಿ ಬಂದವರ ಹೆಸರಿನ ಮುಂದೆ ಒಂದು ಗೀಟು ಹಾಕುತ್ತೇನೆ. ಆ ಗೀಟುಗಳು ತೋರಿಸಿಕೊಳ್ಳುವಂಥ ಸಂಖ್ಯೆಯಲ್ಲ, ಆದರೆ ಸುಳ್ಳು ಹೇಳುವುದಿಲ್ಲ.

9. ಬಾರದವರ ಪಟ್ಟಿಯನ್ನೂ ಇಟ್ಟುಕೊಳ್ಳಿ.

ಗೀಟು ಹಾಕುತ್ತ ಹೋದಾಗ ಕಂಡಿದ್ದು: ಹದಿಮೂರು ಹದಿನಾಲ್ಕು ದಾಟಿದ ಹುಡುಗಿಯರು ಬರುವುದನ್ನು ನಿಲ್ಲಿಸಿದ್ದರು. ಕಾರಣ ನನ್ನ ಮೊದಲ ಪಾಠವೇ. ಪಾಳಿಯವರಿಗೆ ಅನುಕೂಲ ಅಂತ ನಾನು ಹೆಮ್ಮೆಯಿಂದ ಸರಿಸಿದ ಸಂಜೆ ಏಳು ಗಂಟೆ, ಮನೆಯವರು ಹುಡುಗಿಯರನ್ನು ಹೊರಗೆ ಬಿಡದ ಹೊತ್ತು. ಯಾವ ಗಂಟೆ ಆರಿಸಿದರೂ ಯಾರಿಗೋ ಬಾಗಿಲು ಹಾಕುತ್ತೇವೆ. ಯಾರಿಗೆ ಅನ್ನುವುದು ಗೊತ್ತಿರಬೇಕು, ಅಷ್ಟೆ. ಭಾನುವಾರ ಬೆಳಿಗ್ಗೆ ಅವರಿಗೆಂದೇ ಒಂದು ಹೊತ್ತು ಇಟ್ಟಿದ್ದೇವೆ. ಕೆಲವರು ಬರುತ್ತಾರೆ, ಹೆಚ್ಚಿನವರು ಬರುವುದಿಲ್ಲ. ಭಾನುವಾರ ಮನೆಗೆಲಸ ಜಾಸ್ತಿ. ಇದಕ್ಕೆ ನನ್ನ ಬಳಿ ಇನ್ನೂ ಪಾಠವಿಲ್ಲ. ನಿಮ್ಮೂರಿನ ಗ್ರಂಥಾಲಯದಲ್ಲಿ ಯಾರಾದರೂ ದಾರಿ ಕಂಡಿದ್ದರೆ ತಿಳಿಸಿ, ನಾಳೆಯಿಂದಲೇ ನಕಲು ಮಾಡುತ್ತೇನೆ.